ಅಮ್ಮನಿಗಾಗಿ ಮಾಡಿದ ಟೋಕಿಯೊ ಪ್ಲಾನು

ಟೋಕಿಯೊದಲ್ಲಿ ನೋಡಬೇಕಾದ ಜಾಗಗಳ ದೊಡ್ಡ ಪಟ್ಟಿ ಮಾಡಿದ್ದೆ. ಅಮ್ಮನೂ ಬರುತ್ತಾರೆ ಎಂದಾದ ಮೇಲೆ ಅದನ್ನು ಹರಿದು ಹಾಕಿದೆ. ಅವರಿಗೆ ಮಂಡಿನೋವು, ಜೊತೆಗೆ ಶುದ್ಧ ಸಸ್ಯಾಹಾರ. ಎಲ್ಲಿ ಉಳಿಯುವುದು, ಏನು ಉಣ್ಣುವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಮಿಕ್ಕಿದ್ದನ್ನು ಅದಕ್ಕೆ ಹೊಂದಿಸಿದೆ.

ಉಳಿಯಲು ಶಿಂಜುಕು ಒಳ್ಳೆಯದು ಎಂದು ಹಲವರು ಹೇಳಿದರು. ಆದರೆ ಅಲ್ಲಿನ ರೈಲು ಸ್ಟೇಷನ್ನಿಗೆ 200ರಷ್ಟು ಬಾಗಿಲುಗಳಿವೆ. ಎಲ್ಲೋ ತಪ್ಪಿ ಹೊರಬಿದ್ದರೆ ನಡೆದು ನಡೆದು ಅಮ್ಮ ಸೋತುಹೋಗುತ್ತಿದ್ದರು. ಹಾಗಾಗಿ ಉಯೆನೊ ಹಿಡಿದೆ. ಬೆಂಗಳೂರಿನ ನೇರ ವಿಮಾನ ಇಳಿಯುವ ನರಿಟಾದಿಂದ ಸ್ಕೈಲೈನರ್ ರೈಲು ಮುಕ್ಕಾಲು ಗಂಟೆಯಲ್ಲಿ ಸೀದಾ ಉಯೆನೊಗೆ ಬರುತ್ತದೆ. ಸೆನ್ಸೋಜಿ ದೇವಸ್ಥಾನವಿರುವ ಅಸಾಕುಸಾ ಅಲ್ಲಿಂದ ಗಿಂಜಾ ಲೈನಿನಲ್ಲಿ ಮೂರನೇ ಸ್ಟೇಷನ್. 1927ರಲ್ಲಿ ಜಪಾನಿನ ಮೊದಲ ಮೆಟ್ರೊ ಓಡಿದ್ದು ಇದೇ ಹಾದಿಯಲ್ಲಿ. ದಿನಕ್ಕೆ ಊರಿನ ಒಂದೇ ದಿಕ್ಕು ಎಂದು ಗೆರೆ ಹಾಕಿಕೊಂಡೆ.

ಪ್ರವಾಸಿಗರು ದೇಶವಿಡೀ ರೈಲಿನಲ್ಲಿ ಓಡಾಡಲು ಕೊಳ್ಳುವ ಜಪಾನ್ ರೈಲ್ ಪಾಸ್ ಕೊಳ್ಳಲಿಲ್ಲ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತ್ತು. ಕ್ಯೋಟೊಗೆ ಹೋಗಿಬಂದರೂ ಅಷ್ಟಾಗುವುದಿಲ್ಲ. ಊರೊಳಗೆ ಮೊದಲೇ ದುಡ್ಡು ತುಂಬಿಸಿಟ್ಟು ರೈಲು, ಬಸ್ಸಿಗೆ ಬಳಸುವ ಸುಯಿಕಾ ಕಾರ್ಡ್ ಸಾಕಾಯಿತು.

ಹೆಚ್ಚು ದಿನ ತಲೆಕೆಡಿಸಿಕೊಂಡದ್ದು ಊಟಕ್ಕೆ. ಅಲ್ಲಿನ ಅಡುಗೆಗೆ ತಳಪಾಯ ದಾಶಿ ಎಂಬ ತಿಳಿಸಾರು. ಅದಕ್ಕೆ ಸಾಮಾನ್ಯವಾಗಿ ಹೊಗೆಯಲ್ಲಿ ಒಣಗಿಸಿದ ಮೀನಿನ ಹೆರೆ ಬೀಳುತ್ತದೆ. ಮಿಸೊ ಸೂಪು, ಉದೊನ್ ಎಂಬ ದಪ್ಪ ನೂಡಲ್ಸ್, ಬೇಯಿಸಿದ ತರಕಾರಿ ಎಲ್ಲದರಲ್ಲೂ ಅದು ಇರಬಹುದು. ಮೀನು ಬೇಡ ಎಂದರೆ ತುಂಡು ಬರುವುದಿಲ್ಲ, ಸಾರು ಮಾತ್ರ ಅದೇ. ಅದಕ್ಕೇ ಜಪಾನಿ ಬಲ್ಲ ಗೆಳೆಯನಿಂದ ಒಂದು ಚೀಟಿ ಬರೆಸಿಕೊಂಡೆ: ಮಾಂಸ, ಮೀನು, ಮೊಟ್ಟೆ, ಮೀನಿನ ದಾಶಿ ಯಾವುದೂ ಆಗದು. ಹೋಟೆಲಿನವರು ಚೀಟಿಯನ್ನು ಒಳಗೆ ಒಯ್ದು, ಅಡುಗೆಯವರಿಗೆ ತೋರಿಸಿ ಬಂದು, ಆಗುವುದನ್ನೂ ಆಗದ್ದನ್ನೂ ಬೆರಳಿಟ್ಟು ತೋರಿಸುತ್ತಿದ್ದರು. ಬೌದ್ಧ ಮಠಗಳ ಶೋಜಿನ್ ಎಂಬ ಸಸ್ಯಾಹಾರಿ ಊಟ ಒಂದು ದಿನ, ಟೋಕಿಯೊ ಸ್ಟೇಷನ್ನಿನೊಳಗಿನ ಟೀಸ್ ತಾನ್‌ತಾನ್ ಹೋಟೆಲಿನ ಸಸ್ಯಾಹಾರಿ ರಾಮೆನ್ ನೂಡಲ್ಸ್ ಇನ್ನೊಂದು ದಿನ.

ಉಳಿದ ಹೊತ್ತಿಗೆ ನಮ್ಮ ಡಬ್ಬಿಗಳಿದ್ದವು: ತೆಳು ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು. ಹಸಿ ಕರಿಬೇವು ಒಯ್ಯಲಿಲ್ಲ. ತಪಾಸಣಾ ಪತ್ರವಿಲ್ಲದೆ ಹಣ್ಣು, ತರಕಾರಿ, ಸೊಪ್ಪು ಒಳಗೆ ಬಿಡುವುದಿಲ್ಲ. ತಂಗಿ ಕೊಟ್ಟ ಪುಟ್ಟ ರೈಸ್ ಕುಕ್ಕರನ್ನೂ ಬಿಟ್ಟೆ. ಅಲ್ಲಿನ ಕರೆಂಟು 100 ವೋಲ್ಟ್. ನಮ್ಮ 230ರ ಕುಕ್ಕರು ಅದರಲ್ಲಿ ಸುಮಾರು ಐದನೇ ಒಂದು ಪಾಲು ಮಾತ್ರ ಕಾಯುತ್ತದೆ. ಬೀದಿಬೀದಿಯ ಕೊಂಬಿನಿ ಅಂಗಡಿಗಳಲ್ಲಿ ಬೇಯಿಸಿದ ಬರೀ ಅನ್ನದ ಡಬ್ಬಿ ಸಿಗುತ್ತಿತ್ತು. ಬಿಸಿ ಮಾಡಿಯೂ ಕೊಟ್ಟರು. ಗೊಜ್ಜು ಕಲಸಿದರೆ ಊಟ ಮುಗಿಯಿತು.

ಮೂರನೇ ದಿನದ ಹಾಳೆಯಲ್ಲಿ ಉಯೆನೊ ಪಾರ್ಕಿನ ಶಿನೊಬಾಜು ಕೊಳ ಬಿಟ್ಟರೆ ಬೇರೇನೂ ಬರೆದಿರಲಿಲ್ಲ. ನಡುಗಡ್ಡೆಯ ಗುಡಿಯಲ್ಲಿರುವ ಬೆಂಜೈತೆನ್ ನಮ್ಮ ಸರಸ್ವತಿಯೇ ಎಂದು ಅಮ್ಮನಿಗೆ ಮೊದಲೇ ಹೇಳಿರಲಿಲ್ಲ. ಗುಡಿಯ ಮುಂದೆ ನಿಂತು ಹೇಳಿದೆ. ಅವರು ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ದಂಡೆಯ ಬೆಂಚಿನ ಮೇಲೆ ಮಧ್ಯಾಹ್ನದವರೆಗೂ ಕೂತಿದ್ದೆವು.