‘ಉಜ್ಜಬೇಡಿ’ ಎಂಬುದನ್ನು ಸೂಜಿಗೆ ಮೊದಲೇ ಹೇಳಲು ಕಲಿತ ಬಗೆ

ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ಶುಶ್ರೂಷಾಧಿಕಾರಿಯಾಗಿರುವ ನಾನು, ಗರ್ಭ ತಡೆಯಲು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಅಂತರ’ ಚುಚ್ಚುಮದ್ದನ್ನು ಹಲವು ವರ್ಷಗಳಿಂದ ಕೊಡುತ್ತಿದ್ದೇನೆ. ಮೊದಮೊದಲು ಮುಟ್ಟಿನ ಏರುಪೇರನ್ನು ವಿವರವಾಗಿ ತಿಳಿಸುತ್ತಿದ್ದ ನಾನು, ಚುಚ್ಚಿದ ಜಾಗದ ನೋವಿನ ವಿಷಯವನ್ನು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದೆ.

ಒಂದು ಬೆಳಿಗ್ಗೆ ಎರಡು ತಿಂಗಳ ಮಗುವಿನ ತಾಯಿಯೊಬ್ಬಳು ಅತ್ತೆಯೊಂದಿಗೆ ಬಂದಳು. “ಸಿಸ್ಟರ್, ರಾತ್ರಿಯೆಲ್ಲ ಇವಳಿಗೆ ತೋಳು ಎತ್ತೋಕಾಗ್ಲಿಲ್ಲ. ಹರಳೆಣ್ಣೆ ಹಚ್ಚಿ ತಿಕ್ಕಿ, ಬಿಸಿನೀರಿನ ಶಾಖ ಕೊಟ್ಟೆ” ಎಂದರು ಅತ್ತೆ. ಅವರು ಅಕ್ಕರೆಯಿಂದ ಮಾಡಿದ್ದರು. ತಪ್ಪು ನನ್ನದು, ಸೊಸೆ ಬಾಗಿಲು ದಾಟುವಾಗ ‘ಉಜ್ಜಬೇಡಿ’ ಎಂದಿದ್ದೆನೇ ಹೊರತು ಕಾರಣ ಹೇಳಿರಲಿಲ್ಲ. ಈ ಔಷಧದ ಸಣ್ಣ ಕಣಗಳು ಸ್ನಾಯುವಿನಲ್ಲಿ ಉಳಿದು ಮೂರು ತಿಂಗಳ ಕಾಲ ನಿಧಾನವಾಗಿ ರಕ್ತಕ್ಕೆ ಸೇರಬೇಕು; ತಿಕ್ಕಿದರೆ, ಶಾಖ ಕೊಟ್ಟರೆ ಅದು ಬೇಗ ಹೀರಿಹೋಗಿ ರಕ್ಷಣೆಯ ಅವಧಿ ಕಡಿಮೆಯಾಗಬಹುದು. ಮುಂದಿನ ಡೋಸನ್ನು ಎರಡು ವಾರ ಮೊದಲೇ ಕೊಡಲು ಅವಕಾಶವಿರುವುದರಿಂದ, ವೈದ್ಯಾಧಿಕಾರಿಯವರನ್ನು ಕೇಳಿ ಹಾಗೆಯೇ ದಿನ ಗೊತ್ತುಮಾಡಿದೆ.

ಅಂದಿನಿಂದ ಕಾರಣಸಹಿತವಾಗಿ ಮೊದಲೇ ಹೇಳುತ್ತೇನೆ, ಜೊತೆಗೆ ಬಂದ ಹಿರಿಯರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಮಗುವನ್ನು ಹೆಚ್ಚಾಗಿ ಯಾವ ಕೈಯಲ್ಲಿ ಎತ್ತಿಕೊಳ್ಳುತ್ತೀರಿ ಎಂದು ಕೇಳಿ, ಇನ್ನೊಂದು ತೋಳನ್ನು ಆರಿಸುತ್ತೇನೆ. ತಳದಲ್ಲಿ ಕೂತ ಔಷಧ ಪೂರ್ತಿ ಬೆರೆಯುವವರೆಗೆ ಸೀಸೆಯನ್ನು ಚೆನ್ನಾಗಿ ಅಲುಗಾಡಿಸಿ, ಚರ್ಮಕ್ಕೆ ಹಚ್ಚಿದ ಸ್ಪಿರಿಟ್ ಆರಿದ ಮೇಲೆಯೇ ಸೂಜಿ ಹಾಕುತ್ತೇನೆ, ಏಕೆಂದರೆ ಒದ್ದೆ ಇದ್ದರೆ ಉರಿ ಹೆಚ್ಚು. ತೋಳನ್ನು ಸಡಿಲ ಬಿಡಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಬಿಗಿಹಿಡಿದ ಸ್ನಾಯುವಿಗೆ ಚುಚ್ಚಿದಾಗ ನೋವು ಹೆಚ್ಚೆಂಬುದನ್ನು ಅವರ ಮುಖದಲ್ಲೇ ಕಂಡಿದ್ದೇನೆ. ಸೂಜಿ ತೆಗೆದ ಮೇಲೆ ಹತ್ತಿಯನ್ನು ಒತ್ತಿ ಹಿಡಿಯುತ್ತೇನೆಯೇ ವಿನಾ ತಿರುವುವುದಿಲ್ಲ.

ಒಂದೆರಡು ದಿನದ ನೋವಿಗೆ ತಣ್ಣೀರಿನ ಬಟ್ಟೆ ಸಾಕಾಗುತ್ತದೆ, ತಡೆಯಲಾಗದಿದ್ದರೆ ಪ್ಯಾರಸಿಟಮಾಲ್ ಕೊಡುತ್ತೇವೆ. ಆದರೆ ಕೆಂಪು, ಬಿಸಿ, ಊತ ದಿನೇ ದಿನೇ ಹೆಚ್ಚಿದರೆ, ಕೀವು ಅಥವಾ ಜ್ವರ ಕಾಣಿಸಿದರೆ, ಮುಂದಿನ ಡೋಸಿನ ದಿನಕ್ಕೆ ಕಾಯದೆ ಕೂಡಲೇ ಬರಬೇಕೆಂದು ಒತ್ತಿ ಹೇಳುತ್ತೇನೆ.

ಆ ತಾಯಿ ಎರಡನೆಯ ಡೋಸಿಗೆ ಬಂದಾಗ ಅತ್ತೆಯೂ ಬಂದಿದ್ದರು. ಸೊಸೆಯ ಕೈ ತೋಳಿನತ್ತ ಹೋಗುವಷ್ಟರಲ್ಲಿ, “ಮುಟ್ಬೇಡ್ವೇ, ಔಷಧಿ ಅಲ್ಲೇ ಇರ್ಬೇಕು” ಎಂದು ತಡೆದವರು ಅವರೇ.