ಮಗ ಡುಮ್ಕಿ ಹೊಡೆದರೆ ಜಪಾನಿನಲ್ಲಿ ಏನಂತಾರೆ: ನಾನು ಕಲಿತ ಬಗೆ

ಸಾನ್‌ಶಾ ಮೆಂದಾನ್ ಅಂದರೆ ಮೇಷ್ಟ್ರು, ಮಗ, ನಾನು, ಮೂವರೂ ಕೂತು ಮಾತಾಡುವುದು. ಇಲ್ಲಿ ಮಕ್ಕಳನ್ನು ಓದಿಸುವವರಿಗೆಲ್ಲ ಗೊತ್ತು. ನಮ್ಮಲ್ಲಿ ಇದ್ದ ತೊಂದರೆ ಏನೆಂದರೆ, ಫೇಲಾಗುವವನೇ ನನಗೆ ದುಭಾಷಿ. ಮೇಷ್ಟ್ರು ‘ಕೊನೊ ಮಾಮಾ ದಾ ತೊ ಕಿಬಿಶೀ’ ಅಂದರೆ ಇವನು "ಸ್ವಲ್ಪ ಓದಬೇಕಂತೆ ಅಮ್ಮ" ಅನ್ನುತ್ತಿದ್ದ. ಮೇಷ್ಟ್ರ ಮಾತಿನ ನಿಜವಾದ ಅರ್ಥ, ಹೀಗೇ ಹೋದರೆ ಪಾಸಾಗಲ್ಲ ಅಂತ.

ಜಪಾನಿ ಭಾಷಾ ಪರೀಕ್ಷೆಯ ಎನ್3 ಹಂತ ಪಾಸಾಗಿದ್ದೆ, ಆದರೂ ಪ್ರಯೋಜನಕ್ಕೆ ಬರಲಿಲ್ಲ. ಸಂಜೆ ಕ್ಲಾಸಿಗೆ ತಿಂಗಳಿಗೆ ಹೆಚ್ಚುಕಡಿಮೆ 20 ಸಾವಿರ ಯೆನ್, ಅರ್ಧ ವರ್ಷ ಕಟ್ಟಿದೆ. ಅಲ್ಲಿ ಫೇಲಾಗುವುದಕ್ಕೆ ಕಲಿಸಿದ್ದು ರಕುದಾಯ್, ಫುಗೋಕಾಕು. ರಕುದಾಯ್ ಅನ್ನುವುದನ್ನು ಮಗನ ಹೈಸ್ಕೂಲಿನಲ್ಲಿ ಒಬ್ಬರ ಬಾಯಲ್ಲೂ ಕೇಳಲಿಲ್ಲ. ಅದೇ ಕ್ಲಾಸಿನಲ್ಲಿ ಇನ್ನೊಂದು ವರ್ಷ ಕೂರುವುದಕ್ಕೆ ಹುಡುಗರು ರ್ಯೂನೆನ್ ಅಂತಾರೆ, ನಿಯಮದ ಕಾಗದದಲ್ಲಿ ಗೆನ್‌ಕ್ಯೂ ರ್ಯೂಚಿ ಅಂತ ಇರುತ್ತದೆ. ಆಮೇಲೆ ಫ್ಲ್ಯಾಶ್‌ಕಾರ್ಡ್ ಹಿಡಿದೆ. ಉರು ಹೊಡೆದದ್ದೆಲ್ಲ ಮೇಷ್ಟ್ರ ಮುಂದೆ ಮಾಯ.

ಕೊನೆಗೆ ಪಟ್ಟಿ ಬಿಟ್ಟು ಕಾಗದ ಹಿಡಿದೆ. ಮಗನ ಬ್ಯಾಗಿನಲ್ಲಿ ಬರುವ ಒಂದೊಂದು ಚೀಟಿಯಿಂದ ಪದ ತೆಗೆದು ಮೂರು ಕಾಲಂ: ಯಾವ ಕಾಗದ, ಯಾರು ಹೇಳಿದ್ದು, ಮಾರನೇ ದಿನ ನಾನು ಏನು ಮಾಡಬೇಕು. ಮೂರನೇ ಕಾಲಂ ಖಾಲಿ ಇದ್ದ ಪದ ಕಲಿಯುವುದೇ ಇಲ್ಲ. ಮನೆಯವರು "ಫೋನ್ ಹಿಡಿದರೆ ಅನುವಾದ ಬರುತ್ತೆ, ಸುಮ್ನೆ ಯಾಕೆ" ಅಂತ ನಕ್ಕರು. ಟೋಕಿಯೋದ ನಿಶಿಕಾಸಾಯ್‌ನ ಗೆಳತಿಯರೂ ಅಷ್ಟೇ. ಈಗ ಅವರೇ ಕಾಗದದ ಫೋಟೋ ಕಳಿಸುತ್ತಾರೆ!

ಹಾಗೆ ಬರೆದಾಗ ಪದಗಳು ತಾವೇ ಸಾಲಾಗಿ ನಿಂತವು. ಮೊದಲು ಅಕಾತೆನ್, ಅಂದರೆ ಫೇಲ್ ಅಂಕ. ಬಹಳ ಕಡೆ 30ಕ್ಕಿಂತ ಕಮ್ಮಿ ಬಂದರೆ, ಕೆಲವು ಕಡೆ ಕ್ಲಾಸಿನ ಸರಾಸರಿಯ ಅರ್ಧಕ್ಕಿಂತ ಕಮ್ಮಿ ಬಂದರೆ. ಅದರ ಹಿಂದೆ ಹೊಶೂ, ಅಂದರೆ ಹೆಚ್ಚುವರಿ ಕ್ಲಾಸು. ಆಮೇಲೆ ಸಾಯ್ಶಿ, ಮತ್ತೆ ಪರೀಕ್ಷೆ. ತ್ಸುಯ್ಶಿ ನಿಜವಾಗಿ ಜ್ವರ ಬಂದು ತಪ್ಪಿಸಿಕೊಂಡವರಿಗೆ, ಆದರೆ ಎಷ್ಟೋ ಶಾಲೆಯಲ್ಲಿ ಫೇಲಾದವರಿಗೂ ಅದನ್ನೇ ಹೇಳುತ್ತಾರೆ, ಕೇಳಿಕೊಳ್ಳಿ. ಅದೂ ಹೋದರೆ ತಾನ್‌ಇ, ಅಂದರೆ ಆ ವಿಷಯದ ಕ್ರೆಡಿಟ್, ಹೋಯಿತು. ಹೈಸ್ಕೂಲು ಮುಗಿಸಲು ಕನಿಷ್ಠ 74 ತಾನ್‌ಇ ಬೇಕು. ಕೆಸ್ಸೆಕಿ, ಅಂದರೆ ಗೈರುಹಾಜರಿ, ಜಾಸ್ತಿಯಾದರೂ ಹೋಗುತ್ತದೆ. ಎಲ್ಲಕ್ಕಿಂತ ಹುಷಾರಾಗಿರಬೇಕಾದ ಪದ ಶಿನ್‌ರೊ ಹೆಂಕೋ. ದಾರಿ ಬದಲಾವಣೆ ಅಂತ ಮೆತ್ತಗೆ ಕೇಳುತ್ತದೆ, ಎಷ್ಟೋ ಸಲ ಬೇರೆ ಶಾಲೆ ನೋಡಿಕೊಳ್ಳಿ ಅಂತಲೇ ಅರ್ಥ.

ಚೂಗಾಕ್ಕೋದಲ್ಲಿ, ಅಂದರೆ ಮಿಡ್ಲ್ ಸ್ಕೂಲಿನಲ್ಲಿ, ಮಕ್ಕಳಿರುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಅಲ್ಲಿ ಕಮ್ಮಿ ಅಂಕಕ್ಕೆ ಹಿಂದೆ ಉಳಿಸುವುದು ಇಲ್ಲವೇ ಇಲ್ಲ ಅನ್ನಬಹುದು, ನಾಯ್‌ಶಿನ್, ಅಂದರೆ ಹೈಸ್ಕೂಲು ಸೇರುವಾಗ ಲೆಕ್ಕಕ್ಕೆ ಬರುವ ಶಾಲೆಯ ಅಂಕ, ನೋಡಿಕೊಂಡರೆ ಸಾಕು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಕಾಲೇಜು ಹುಡುಗರ ಮಾತು ಕಲಿಯಲು ಹೋದೆ. ಅವರ ರಾಕುತಾನ್ ಎರಡಿದೆ, ಒಂದು ತಾನ್‌ಇ ಕಳೆದುಕೊಂಡದ್ದು, ಇನ್ನೊಂದು ಸಲೀಸಾಗಿ ಸಿಗುವ ತಾನ್‌ಇ. ಉಚ್ಚಾರ ಒಂದೇ, ಬರೆಯುವ ಕಾಂಜಿ ಅಕ್ಷರ ಬೇರೆ. ಮಜಾ ಬಂತು, ಉಪಯೋಗ ಸೊನ್ನೆ. ಆದರೆ ‘ಶಿಕೆನ್ ನಿ ಒಚಿರು’, ‘ತಾನ್‌ಇ ಒ ಒತೊಸು’ ಜೋಡಿ ನಮಗೆ ಸುಲಭ, ಪರೀಕ್ಷೆಯಲ್ಲಿ ಬೀಳು, ತಾನ್‌ಇಯನ್ನು ಬೀಳಿಸು ಅಂದುಕೊಂಡರೆ ‘ನಿ’, ‘ಒ’ ತಪ್ಪುವುದಿಲ್ಲ.

ಕಳೆದ ಮೆಂದಾನ್‌ನಲ್ಲಿ ಮೇಷ್ಟ್ರು ಕಿಬಿಶೀ ಅಂದ ತಕ್ಷಣ ಗಣಿತದ ಸಾಯ್ಶಿ ಯಾವಾಗ, ಹೊಶೂ ಕಡ್ಡಾಯವೇ ಅಂತ ನಾನೇ ಕೇಳಿದೆ. ಮೇಷ್ಟ್ರು ಕುರ್ಚಿ ನನ್ನ ಕಡೆ ತಿರುಗಿಸಿದರು. ಮಗನ ಮುಖ ನೋಡಬೇಕಿತ್ತು! ಅವರಿಂದ ನೇರ ಉತ್ತರ ತೆಗೆಸುವ ಪ್ರಶ್ನೆ ಒಂದಿದೆ, ಅದನ್ನು ಇಲ್ಲಿ ಬರೆಯಲ್ಲ. ಸಾಯ್ಶಿಯಲ್ಲಿ ನಲವತ್ತರ ಮೇಲೆ ಬಂತು, ತಾನ್‌ಇ ಉಳಿಯಿತು.

ಈಗ ಜುಕು, ಅಂದರೆ ಟ್ಯೂಷನ್ ಸೆಂಟರಿನ, ಕಾಗದಗಳಿಗೆ ಹೊಸ ಪುಟ ತೆರೆದಿದ್ದೇನೆ. ರೋನಿನ್, ಅಂದರೆ ಕಾಲೇಜು ಸೀಟು ಸಿಗದೆ ಮುಂದಿನ ವರ್ಷದ ಪರೀಕ್ಷೆಗೆ ಮತ್ತೆ ಓದುವವನು. ಸುಬೆರಿದೊಮೆ, ಅಂದರೆ ಬೇರೆಲ್ಲೂ ಸಿಗದಿದ್ದರೆ ಇರಲಿ ಅಂತ ಅರ್ಜಿ ಹಾಕುವ ಕಾಲೇಜು. ಖಾಸಗಿ ಯೂನಿವರ್ಸಿಟಿ ಪರೀಕ್ಷೆಗೆ ಒಂದೊಂದಕ್ಕೂ ಸುಮಾರು 35 ಸಾವಿರ ಯೆನ್, ಜುಕುದವರು ಸುಬೆರಿದೊಮೆ ಎರಡು ಮೂರಾದರೂ ಇರಲಿ ಅಂತಾರೆ. ಮನೆಯವರು ಈ ಸಲ ನಗಲಿಲ್ಲ.