ಭೂಮಣ್ಣಿ ಬುಟ್ಟಿ ಬರೆದ ವರ್ಷ

ನನಗೆ ಆಗ 24. ಬೆಂಗಳೂರಿನಲ್ಲಿ ರೂಮ್ ಮಾಡಿಕೊಂಡು ಮೂರು ವರ್ಷ ಬ್ಯಾಂಕ್ ಪರೀಕ್ಷೆಗೆ ಓದಿದ್ದೆ. ಮೂರು ಸಲವೂ ಆಗಲಿಲ್ಲ. ಕೊನೆಯ ಸಲ ದೇವರಿಗೆ ಹರಕೆ ಬೇರೆ ಹೊತ್ತಿದ್ದೆ. ಪಾಸಾದರೆ ಮೊದಲ ಸಂಬಳ ನಿನಗೇ ಅಂತ. ಎರಡು ಅಂಕಕ್ಕೆ ಕೈತಪ್ಪಿತು. ಸೊರಬದ ಹತ್ತಿರದ ನಮ್ಮ ಊರಿಗೆ ವಾಪಸ್ ಬಂದ ಮೇಲೆ ದೇವರ ಕೋಣೆಗೆ ಕಾಲಿಡಲಿಲ್ಲ.

ಅದು ಮಹಾನವಮಿಯ ಸಮಯ. ಭೂಮಿ ಹುಣ್ಣಿಮೆಗೆ, ಅಂದರೆ ಸೀಗೆ ಹುಣ್ಣಿಮೆಗೆ, ಬುಟ್ಟಿಯ ಮೇಲೆ ಚಿತ್ತಾರ ಬರೆಯಬೇಕಿತ್ತು. ಆ ಹೊತ್ತಿಗೆ ನಮ್ಮ ಕಡೆ ಭತ್ತ ತೆನೆ ಕಟ್ಟುತ್ತಿರುತ್ತದೆ. ಭೂಮಿತಾಯಿ ಬಸುರಿ. ಅವಳಿಗೆ ಬಯಕೆ ಊಟ ಬಡಿಸುವ ಹಬ್ಬ ಇದು. ಆ ಊಟ ಹೊರುವ ಬಿದಿರಿನ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಪ್ರತಿ ವರ್ಷ ಅಜ್ಜಿಯೇ ಬರೆಯುತ್ತಿದ್ದಳು. ಆ ವರ್ಷ ಅವಳ ಕೈ ನಡುಗುತ್ತಿತ್ತು. "ನೀನೇ ಬರಿ" ಅಂದಳು. ಬೇರೆ ಕೆಲಸ ಇರಲಿಲ್ಲ, ಕೂತೆ.

ಬುಟ್ಟಿಗೆ ಸಗಣಿ ಸಾರಿಸಿ ಒಣಗಿಸಿದೆವು. ಅದರ ಮೇಲೆ ಕೆಮ್ಮಣ್ಣು ಬಳಿದೆವು. ಅಕ್ಕಿ ನೆನೆಸಿ, ನುಣ್ಣಗೆ ರುಬ್ಬಿದರೆ ಅದೇ ಬಿಳಿ ಬಣ್ಣ. ಪುಂಡಿ ನಾರಿನ ತುದಿ ಜಜ್ಜಿ ಕುಂಚ ಮಾಡಿಕೊಟ್ಟಳು. ನನ್ನ ಮೊದಲ ಗೆರೆಗಳು ದಪ್ಪ, ವಕ್ರ. "ಕೈ ತಿರುಗಿಸ್ಬೇಡ, ಬುಟ್ಟಿ ತಿರುಗಿಸು" ಅಂತ ಅಜ್ಜಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಳು. ಅದೊಂದು ಮಾತಿನಿಂದ ಗೆರೆ ಸರಿಹೋಯಿತು. ರಾತ್ರಿ ಊಟ ಆದ ಮೇಲೆ ದಿನಾ ಎರಡು ತಾಸು. ಗೆರೆ ಎಳೆಯುವಾಗ ಉಸಿರು ನಿಧಾನ ಆಗುತ್ತದೆ. ಫೋನ್ ನೆನಪಾಗುವುದಿಲ್ಲ. ಪೈರು, ಏಣಿ, ಎತ್ತಿನ ಗಾಡಿ ಬರೆದೆ. ಎಷ್ಟೋ ತಿಂಗಳ ನಂತರ ನನಗೆ ನಿದ್ದೆ ಸರಿಯಾಗಿ ಬಂತು.

ಹಿಂದಿನ ವರ್ಷ ನೆರೆ ನೀರು ನಿಂತು ನಮ್ಮ ಗದ್ದೆ ಕೊಳೆತಿತ್ತು. ಒಂದು ರಾತ್ರಿ ಕೇಳಿಯೇಬಿಟ್ಟೆ: "ಹೋದ ವರ್ಷ ಅವಳು ಏನೂ ಕೊಡಲಿಲ್ಲ. ಮತ್ಯಾಕೆ ಇಷ್ಟೆಲ್ಲ?"

ಅಜ್ಜಿ ನನ್ನ ಮುಖ ನೋಡಿದಳು. "ಬಸುರಿ ಹೆಂಗಸಿಗೆ ಲೆಕ್ಕ ಕೇಳಿ ಬಡಿಸ್ತಾರೇನೇ?"

ನನಗೆ ಉತ್ತರ ಹೊಳೆಯಲಿಲ್ಲ. ನನ್ನ ಹರಕೆ ನೆನಪಾಯಿತು. ಅದು ಬರೀ ಲೆಕ್ಕವೇ ಆಗಿತ್ತು, ಅಲ್ವಾ? ಕೊಟ್ಟರೆ ಕೊಡುತ್ತೇನೆ ಅಂದಿದ್ದೆ. ಕೊಡಲಿಲ್ಲ ಅಂತ ಮುನಿಸಿಕೊಂಡಿದ್ದೆ.

ಹಬ್ಬದ ಹಿಂದಿನ ದಿನ ಸೊಪ್ಪು ಹುಡುಕಲು ನಾನೂ ಹೋದೆ. ನೂರೊಂದು ಕುಡಿ ಬೇಕು ಅನ್ನುತ್ತಾರೆ. ನಮಗೆ ಸಿಕ್ಕಿದ್ದು 43 ಬಗೆ. ಚಗಟೆ, ಕೆಸು, ಒಂದೆಲಗ, ಹಾಗಲ ಕುಡಿ, ಜೊತೆಗೆ ಅಮಟೆಕಾಯಿ. ರಾತ್ರಿಯಿಡೀ ಅಡುಗೆ. ಸೊಪ್ಪೆಲ್ಲ ಬೇಯಿಸಿ ಅನ್ನದ ಜೊತೆ ಕಲಸಿದರೆ ಚರಗ. ಬೆಳಗಿನ ಜಾವ ನಾಲ್ಕಕ್ಕೆ ಅಪ್ಪ ಬುಟ್ಟಿ ಹೊತ್ತರು, ನಾನು ದೊಂದಿ ಹಿಡಿದೆ. ಅಪ್ಪ ಚರಗ ಬೀರುತ್ತಾ, ತಾಯಿ ಬಂದು ಉಂಡು ಹೋಗಲಿ ಅಂತ ಕೂಗಿದರು. ಕತ್ತಲಲ್ಲಿ ಆಚೆ ಗದ್ದೆಯಿಂದಲೂ ಅದೇ ಕೂಗು ಬಂತು. ಆಮೇಲೆ ಹಳ್ಳದ ಆಚೆಯಿಂದ. ನನ್ನ ಬಾಯಿಂದಲೂ ಕೂಗು ಬಂತು, ಕಣ್ಣು ತುಂಬಿತು. ಕೇಳಿಕೊಳ್ಳಲು ಏನೂ ಇರಲಿಲ್ಲ. ಅವಳು ಉಣ್ಣಲಿ ಅನ್ನಿಸಿತು, ಅಷ್ಟೇ.

ಬೆಳಕಾದ ಮೇಲೆ ಪೈರಿಗೆ ಪೂಜೆ. ಕಾಗೆಗೆ, ಇಲಿಗೆ ಎಡೆ ಇಟ್ಟು ಗದ್ದೆಯ ಬದುವಿನಲ್ಲೇ ಎಲ್ಲರೂ ಉಂಡೆವು. ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಒಂದು ಕಡುಬನ್ನು ಅಪ್ಪ ಗದ್ದೆಯಲ್ಲಿ ಹೂತರು.

ಆಮೇಲೆ ಮತ್ತೆ ಓದಲು ಕೂತೆ, ಮನೆಯಲ್ಲೇ, ಬೆಳಗ್ಗೆ ಐದರಿಂದ ಎಂಟರವರೆಗೆ. ಹರಕೆ ಹೊರಲಿಲ್ಲ. ಓದುವ ಮೊದಲು ದೀಪ ಹಚ್ಚುತ್ತೇನೆ. ನನ್ನ ಸಿಟ್ಟು ಪೂರ್ತಿ ಹೋಯಿತು ಅಂತ ಹೇಳಲಾರೆ. ಕೆಲವು ದಿನ ಬರುತ್ತದೆ. ಆಗ ಸುಮ್ನೆ ಗದ್ದೆ ಕಡೆ ನಡೆದುಬಿಡುತ್ತೇನೆ.

ಆ ವರ್ಷ ಕೊಯ್ಲಿನ ದಿನ ಅಜ್ಜಿ ಬದುವಿನ ಮೇಲೆ ಕೂತು ಕಡುಬು ಹೂತ ಜಾಗ ತೋರಿಸಿದಳು. ಮಣ್ಣು ಬಗೆದು ತೆಗೆದೆ. ಎಲೆ ಕಪ್ಪಾಗಿತ್ತು. ಅಜ್ಜಿ ಒಂದು ಚೂರು ಮುರಿದು ನನ್ನ ಕೈಗೆ ಹಾಕಿದಳು. ಕಣ್ಣಿಗೆ ಒತ್ತಿಕೊಂಡು ತಿಂದೆ.